ಶಾಲೆಗೆ ಒಲೆ ಹೂಡಿದ ದಿನ

ನಾನು ಚಿಕ್ಕವಳಿದ್ದಾಗ ನಮ್ಮೂರ ಕಾಡಿಗೆ ಬಾಗಿಲಿತ್ತು. ನಗಬೇಡಿ, ನಿಜವಾಗಿಯೂ ಇತ್ತು. ಎರಡು ಕಲ್ಲುಕಂಬ, ಅವುಗಳಿಗೆ ಅಡ್ಡಲಾಗಿ ಒಂದು ಬಿದಿರಿನ ಗಳ, ಗಳಕ್ಕೆ ಸರಪಳಿ, ಸರಪಳಿಗೆ ಬೀಗ. ಅಕ್ಕಪಕ್ಕದಲ್ಲಿ ಬೇಲಿಯೇನೂ ಇರಲಿಲ್ಲ. ಕಂಬದ ಪಕ್ಕದಿಂದ ಎಮ್ಮೆ ಕೂಡ ಆರಾಮಾಗಿ ಒಳಗೆ ಹೋಗಬಹುದಿತ್ತು. ಆದರೂ ಮನುಷ್ಯರು ಹೋಗುತ್ತಿರಲಿಲ್ಲ. ಬೀಗ ಹಾಕಿದೆ ಎಂದರೆ ಹಾಕಿದೆ, ಅಷ್ಟೇ. ಆಗಿನ ಜನ ಅಷ್ಟೊಂದು ಸಾಧುಗಳೇ ಅಜ್ಜಿ ಎಂದು ಕೇಳಬೇಡಿ. ಸಾಧುಗಳೋ ಅಲ್ಲವೋ, ಕಥೆ ಮುಗಿಯುವಷ್ಟರಲ್ಲಿ ನಿಮಗೇ ಗೊತ್ತಾಗುತ್ತದೆ.

ಅಜ್ಜಂಪುರದಿಂದ ತರೀಕೆರೆ ಕಡೆಗೆ ಬಸ್ಸಿನಲ್ಲಿ ಹೋಗುವಾಗ ನಮ್ಮೂರು ದಾಟಿದ ಮೇಲೆ ತೆಂಗಿನ ತೋಟ, ಕೋಳಿ ಫಾರಂ, ಪೆಟ್ರೋಲ್ ಬಂಕು ಕಾಣುತ್ತವಲ್ಲ, ಅದೆಲ್ಲ ಆಗ ಸರ್ಕಾರದ ಕಾಡು. ಊರವರ ಬಾಯಲ್ಲಿ 'ರಿಜರ್ವು'. ಕೆಮ್ಮಣ್ಣುಗುಂಡಿ ಕಡೆಯ ಹಾಗೆ ಹಗಲಲ್ಲೇ ಕತ್ತಲಾಗಿರುವ ಕಾಡಲ್ಲ ಅದು. ಬಿಸಿಲು ನೆಲಕ್ಕೆ ಮುಟ್ಟುವ ಕುರುಚಲು ಗುಡ್ಡ. ಕಾರೆ, ಕವಳೆ, ತುಗ್ಗಲಿ ಗಿಡಗಳು ಅಲ್ಲಲ್ಲಿ, ಉಳಿದದ್ದೆಲ್ಲ ಹುಲ್ಲು. ಸಂಕ್ರಾಂತಿಯ ಹೊತ್ತಿಗೆ ಆ ಹುಲ್ಲು ನನ್ನ ತಲೆಯ ಮೇಲೆ ಹೋಗುತ್ತಿತ್ತು. ಗಾಳಿ ಬೀಸಿದರೆ ಇಡೀ ಗುಡ್ಡ ಸರಸರ ಎನ್ನುತ್ತಿತ್ತು, ಒಣಗಿದ ಹುಲ್ಲಿನ ಸಿಹಿವಾಸನೆ ನಮ್ಮ ಅಂಗಳದವರೆಗೂ ಬರುತ್ತಿತ್ತು. ನಸುಕಿನಲ್ಲಿ ಗೌಜಲಹಕ್ಕಿಗಳು ಕೂಗಿ ಕೂಗಿ ನಮ್ಮನ್ನು ಏಳಿಸುತ್ತಿದ್ದವು.

ಮಹಾರಾಜರ ಕಾಲದಲ್ಲಿ ಗುಡ್ಡದ ಸುತ್ತ ಸುಣ್ಣ ಬಳಿದ ಕಲ್ಲು ನೆಟ್ಟು, ಇನ್ನು ಮೇಲೆ ಇಲ್ಲಿಗೆ ಯಾರೂ ಕೊಡಲಿ ತರುವ ಹಾಗಿಲ್ಲ ಎಂದು ತಮಟೆ ಹೊಡೆಸಿದರಂತೆ. ನಮ್ಮ ಮುತ್ತಜ್ಜನ ಓರಗೆಯವರೆಲ್ಲ ತಾಲ್ಲೂಕಿನ ಅಮಲ್ದಾರರ ಮುಂದೆ ಹೋಗಿ ಕೂತರಂತೆ. ಕೊಡಲಿ ಬೇಡ ಬುದ್ಧಿ, ಕುಡುಗೋಲಿಗಾದರೂ ಅಪ್ಪಣೆ ಕೊಡಿ, ಮನೆಗೆ ಹೊದಿಸಲು ಹುಲ್ಲಿಲ್ಲದಿದ್ದರೆ ಮಳೆಗಾಲದಲ್ಲಿ ನಾವು ಎಲ್ಲಿ ಮಲಗೋಣ ಎಂದು ಕೇಳಿದರಂತೆ. ಅವತ್ತಿನಿಂದ ವರ್ಷಕ್ಕೊಂದು ದಿನ, ಸಂಕ್ರಾಂತಿ ಕಳೆದ ಮೇಲೆ, ಬೀಗ ತೆಗೆಯುವುದು ರೂಢಿಯಾಯಿತು. ಆ ದಿನಕ್ಕೆ ನಾವು ಹಬ್ಬಕ್ಕಿಂತ ಹೆಚ್ಚಾಗಿ ಕಾಯುತ್ತಿದ್ದೆವು.

ಆ ದಿನದ ಕ್ರಮ ಹೀಗಿತ್ತು. ಕಾಡು ಕಾಯುವ ಗಾರ್ಡು ಬೆಳಿಗ್ಗೆ ಬೀಗ ತೆಗೆದು ಒಂದು ಸೀಟಿ ಊದುತ್ತಿದ್ದರು. ಆಗ ಜನ ಒಳಗೆ ನುಗ್ಗಿ ತಮಗೆ ಬೇಕಾದ ಜಾಗದ ಸುತ್ತ ಹುಲ್ಲಿಗೆ ಗಂಟು ಹಾಕಬೇಕು. ನಿಂತ ಹುಲ್ಲನ್ನೇ ಹಿಡಿಹಿಡಿಯಾಗಿ ಸೇರಿಸಿ, ತಿರುಚಿ, ಗಂಟು. ಆ ಗಂಟುಗಳ ಒಳಗಿನ ಹುಲ್ಲು ಆ ಮನೆಯದು, ಬೇರೆಯವರ ಕುಡುಗೋಲು ಅದಕ್ಕೆ ತಾಗುವಂತಿಲ್ಲ. ಎರಡನೆಯ ಸೀಟಿ ಊದಿದರೆ ಗಂಟು ಹಾಕುವುದು ನಿಲ್ಲಬೇಕು, ಕೊಯ್ಲು ಶುರುವಾಗಬೇಕು. ಹೊತ್ತು ಮುಳುಗುವಾಗ ಮೂರನೆಯ ಸೀಟಿ. ಅಷ್ಟರಲ್ಲಿ ಬಾಗಿಲು ದಾಟಿ ಆಚೆ ಬಂದ ಹುಲ್ಲು ಮಾತ್ರ ನಮ್ಮದು.

ಇನ್ನೊಂದು ಕಟ್ಟುಪಾಡು ಇತ್ತು. ಒಂದು ಒಲೆಗೆ ಒಂದೇ ಜಾಗ. ಇಲ್ಲೇ ನೋಡಿ ನಮ್ಮವರ ಸಾಧುತನ ಬಯಲಾಗುವುದು. ವರ್ಷವಿಡೀ ಒಂದೇ ಒಲೆಯಲ್ಲಿ ಉಂಡ ಅಣ್ಣತಮ್ಮಂದಿರು ಹಿಂದಿನ ದಿನ ಜಗಳವಾಡಿದ ಹಾಗೆ ನಟಿಸಿ, ನಮ್ಮ ಒಲೆ ಬೇರೆಯಾಯಿತು, ನಮಗೆ ಎರಡು ಜಾಗ ಕೊಡಿ ಎನ್ನುತ್ತಿದ್ದರು. ಹುಲ್ಲು ಮನೆಗೆ ಬಂದ ಮಾರನೆಯ ದಿನ ಮತ್ತೆ ಒಂದಾಗುತ್ತಿದ್ದರು. ಇದನ್ನು ಕಂಡು ಕಂಡು ಸಾಕಾದ ಊರ ಗೌಡರು ಒಂದು ಉಪಾಯ ಮಾಡಿದ್ದರು. ಕಾಡಿನ ಬಾಗಿಲ ಪಕ್ಕದ ಬಂಡೆ ಹತ್ತಿದರೆ ಇಡೀ ಊರು ಅಂಗೈಯಲ್ಲಿಟ್ಟ ಹಾಗೆ ಕಾಣುತ್ತಿತ್ತು. ಗೌಡರು ಬೆಳಿಗ್ಗೆ ಅಲ್ಲಿ ನಿಂತು ಹೊಗೆ ನೋಡುತ್ತಿದ್ದರು. ಯಾರ ಮನೆಯಿಂದ ಹೊಗೆ ಏಳುತ್ತದೋ ಅವರಿಗೆ ಹುಲ್ಲು. ಹೊಗೆ ಇಲ್ಲವೇ, ಹುಲ್ಲೂ ಇಲ್ಲ.

ನಾನು ಹೇಳುತ್ತಿರುವ ವರ್ಷ ನಮ್ಮ ಶಾಲೆಗೆ ಕುತ್ತು ಬಂದಿತ್ತು. ಅಲ್ಲಿಯವರೆಗೆ ಊರ ಚಾವಡಿಯ ಜಗಲಿಯಲ್ಲಿ ಪಾಠ ನಡೆಯುತ್ತಿತ್ತು. ಮಳೆಗೆ ಚಾವಡಿಯ ಗೋಡೆ ಕುಸಿದು ಬಿತ್ತು. ಊರವರು ಸೇರಿ ಒಂದು ಕೋಣೆಗೆ ಮಣ್ಣಿನ ಗೋಡೆ ಎಬ್ಬಿಸಿದರು, ಮೇಲೆ ಸೂರಿಗೆ ಬಿದಿರುಗಳನ್ನೂ ಕಟ್ಟಿದರು, ಅಲ್ಲಿಗೆ ಎಲ್ಲರ ಹುಮ್ಮಸ್ಸು ಮುಗಿಯಿತು. ಅದರೊಳಗೆ ನಿಂತು ತಲೆ ಎತ್ತಿದರೆ ಆಕಾಶ. ಶಾಲೆ ನೋಡಲು ಬಂದ ಇನ್‌ಸ್ಪೆಕ್ಟರು, ಶಿವರಾತ್ರಿಯೊಳಗೆ ಮೇಲೆ ಹೊದಿಕೆ ಆಗಿರದಿದ್ದರೆ ಈ ಶಾಲೆಯನ್ನು ಹಳ್ಳದಾಚೆಯ ಊರಿಗೆ ಕೊಟ್ಟುಬಿಡುತ್ತೇವೆ ಎಂದು ಹೇಳಿ ಹೋದರು.

ಗಂಡುಹುಡುಗರಿಗೆ ಅದು ಅಂಥ ದೊಡ್ಡ ಮಾತಲ್ಲ, ಹಳ್ಳ ಹಾರಿಕೊಂಡು ಹೋಗುತ್ತಿದ್ದರು. ನಮ್ಮ ಅಪ್ಪ ಮಾತ್ರ ಅವತ್ತೇ ರಾತ್ರಿ ಊಟದ ಮುಂದೆ ಖಡಾಖಂಡಿತವಾಗಿ ಹೇಳಿಬಿಟ್ಟರು, ಹಳ್ಳ ದಾಟಿಸಿ ಹೆಣ್ಣುಮಕ್ಕಳನ್ನು ಕಳಿಸುವ ಮಾತೇ ಇಲ್ಲ ಎಂದು. ಅಪ್ಪ ಕೆಟ್ಟವರಲ್ಲ. ಆ ಮಳೆಗಾಲದಲ್ಲಿ ನಮ್ಮದೇ ಕರು ಹಳ್ಳದಲ್ಲಿ ಕೊಚ್ಚಿಹೋಗಿತ್ತು, ಆ ಭಯ ಅವರಿಗೆ ಇಳಿದಿರಲಿಲ್ಲ. ನನಗೆ ಆಗ ಓದು ಅಷ್ಟೇನೂ ಬೇಕಿರಲಿಲ್ಲ. ಆದರೆ ಅಕ್ಕನಿಗೆ ಬೇಕಿತ್ತು. ಬೆಲ್ಲ ಕಟ್ಟಿಕೊಟ್ಟ ಹಾಳೆಯನ್ನೂ ಬಿಡಿಸಿ, ಅಂಟಿದ ಬೆಲ್ಲ ನೆಕ್ಕಿ, ಮೇಲಿರುವುದನ್ನೆಲ್ಲ ಓದಿದ ಮೇಲೇ ಒಲೆಗೆ ಹಾಕುತ್ತಿದ್ದವಳು ಅವಳು. ಅಪ್ಪನ ಮಾತು ಕೇಳಿ ಅಕ್ಕ ಅಳಲಿಲ್ಲ, ತಟ್ಟೆಯಲ್ಲಿ ಮುದ್ದೆ ಹಾಗೇ ಬಿಟ್ಟು ಎದ್ದಳು.

ಮನೆಗೊಂದು ಹೊರೆ ಹುಲ್ಲು ಕೊಟ್ಟರೆ ಶಾಲೆಗೆ ಹೊದಿಸಬಹುದು ಎಂದು ಮೇಷ್ಟ್ರು ಊರವರನ್ನು ಕೇಳಿದ್ದರು. ಆಗಲಿ ಆಗಲಿ ಎಂದು ಎಲ್ಲರೂ ತಲೆ ಆಡಿಸಿದ್ದರು. ಬೀಗ ತೆಗೆಯುವ ದಿನ ಬೆಳಗಾದಾಗ ನೋಡಿದರೆ ಒಬ್ಬರ ಬಾಯಲ್ಲೂ ಆ ಮಾತಿಲ್ಲ. ಅವರವರ ಸೂರು ಅವರವರಿಗೆ ದೊಡ್ಡದು. ನಮ್ಮ ಮನೆಯೂ ಸೋರುತ್ತಿತ್ತು, ಅಪ್ಪನೂ ಸುಮ್ಮನೆ ಕುಡುಗೋಲು ಮಸೆದುಕೊಂಡು ಹೊರಟರು. ಮೇಷ್ಟ್ರು ಕಡೂರು ಕಡೆಯವರು, ಹೊಸಬರು, ವಾರಕ್ಕೊಂದು ಮನೆಯಲ್ಲಿ ಅವರ ಊಟ. ಮಕ್ಕಳೇ ಗಂಟು ಹಾಕಿ ಶಾಲೆಗೆ ಹುಲ್ಲು ಕೊಯ್ಯೋಣ ಎಂದು ನಮ್ಮನ್ನೆಲ್ಲ ಸಾಲು ಮಾಡಿಸಿ, ಡ್ರಿಲ್ಲಿಗೆ ಹೊರಟ ಹಾಗೆ ಗುಡ್ಡಕ್ಕೆ ಕರೆದುಕೊಂಡು ಬಂದರು. ಪಾಪ, ಅವರಿಗೆ ಒಲೆಯ ಕಟ್ಟುಪಾಡು ಗೊತ್ತಿರಲಿಲ್ಲ.

ಮೊದಲ ಸೀಟಿ ಆಯಿತು. ಜನ ಗುಡ್ಡಕ್ಕೆ ನುಗ್ಗಿದರು. ಬಾಗಿಲ ಹತ್ತಿರ ಬಂದ ನಮ್ಮನ್ನು ಮಾತ್ರ ಗೌಡರು ಬಂಡೆಯ ಮೇಲಿಂದಲೇ ಕೋಲು ಅಡ್ಡ ಮಾಡಿ ತಡೆದರು.

"ಒಲೆ ಇಲ್ದಿದ್ ಮನೆಗೆ ನಾನ್ ಹೆಂಗೆ ಹುಲ್ಲು ಕೊಡ್ಲಿ ಮೇಷ್ಟ್ರೇ? ಇವತ್ತು ನಿಮ್ಮನ್ನ ಬಿಟ್ರೆ, ನಾಳೆ ದನದ ಕೊಟ್ಟಿಗೇನೂ ಮನೆ ಅಂತಾರೆ ಈ ಜನ" ಎಂದರು.

ಮೇಷ್ಟ್ರು ವಿದ್ಯೆ, ದೇಶ, ಮುಂದಿನ ಪೀಳಿಗೆ ಎಂದೆಲ್ಲ ಚೆನ್ನಾಗಿಯೇ ಮಾತಾಡಿದರು. ಗೌಡರು ಕೇಳಿಸಿಕೊಂಡರು, ಕೋಲು ಮಾತ್ರ ತೆಗೆಯಲಿಲ್ಲ. ಮಕ್ಕಳ ಸಾಲು ಅಲ್ಲಲ್ಲೇ ಮುರಿಯಿತು, ಒಬ್ಬಿಬ್ಬರು ಕೂತೂ ಬಿಟ್ಟರು. ಆಗ ನಮ್ಮ ಅಕ್ಕ ಮುಂದೆ ಬಂದಳು. ಗೌಡರ ಎದುರು ಹೆಣ್ಣುಮಕ್ಕಳು ಬಾಯಿ ಬಿಡುವ ಕಾಲವಲ್ಲ ಅದು.

"ಶಾಲೆಯಾಗೆ ಒಲೆ ಉರಿದ್ರೆ ಕೊಡ್ತೀರಾ ಗೌಡ್ರೇ?" ಎಂದಳು.

ಗೌಡರು ಅವಳನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. ಮೀಸೆಯೊಳಗೆ ನಕ್ಕರೋ ಏನೋ. "ಎರಡ್ನೇ ಸೀಟಿ ಒಳಗೆ ಹೊಗೆ ಕಾಣಿಸ್ಲಿ. ಕೊಟ್ಟೆ ಅಂತಾನೇ ತಿಳ್ಕೋ" ಎಂದರು.

ಅಕ್ಕ ತಿರುಗಿ ನನ್ನ ಎರಡೂ ಭುಜ ಹಿಡಿದುಕೊಂಡಳು. "ಓಡೇ. ಶಾಲೆಯಾಗೆ ಒಲೆ ಹೂಡ್ಬೇಕು ಅಂತ ಅವ್ವಂಗೆ ಹೇಳು. ಎಲ್ಲೂ ನಿಲ್ಬೇಡ" ಎಂದಳು. ತಾನು ಹೋಗಲಿಲ್ಲ. ತಾನು ಅಲ್ಲಿಂದ ಕದಲಿದರೆ ಮಕ್ಕಳೆಲ್ಲ ಚದುರಿಹೋಗುತ್ತಾರೆ ಎಂದು ಅವಳಿಗೆ ಗೊತ್ತಿತ್ತು.

ನಾನು ಓಡಿದೆ ನೋಡಿ! ಈಗ ಈ ಮಂಡಿ ಹಿಡಿದುಕೊಂಡು ಮೆಟ್ಟಿಲು ಇಳಿಯುವ ಅಜ್ಜಿಯನ್ನು ನೋಡಿ ನೀವು ನಂಬುವುದಿಲ್ಲ. ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಜಲ್ಲಿಕಲ್ಲಿನ ಇಳಿಜಾರಿನಲ್ಲಿ ಜಾರಿ, ಕಾರೆಮುಳ್ಳಿಗೆ ಮೊಣಕೈ ಗೀರಿಸಿಕೊಂಡು, ಯಾರದೋ ಅಂಗಳದಲ್ಲಿ ಒಣಹಾಕಿದ್ದ ರಾಗಿಯ ಮೇಲೆಯೇ ಹಾದು, ಅವರು ಬೈಯುವುದು ಕಿವಿಗೆ ಬೀಳುವಷ್ಟರಲ್ಲಿ ನಮ್ಮ ಹಿತ್ತಿಲಲ್ಲಿದ್ದೆ.

ಅವ್ವ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ನನಗೆ ಏದುಸಿರು ನಿಲ್ಲುತ್ತಿರಲಿಲ್ಲ, ಹೇಳಬೇಕಾದ್ದನ್ನು ಹಿಂದುಮುಂದಾಗಿ ಹೇಳಿದೆ. ಅವ್ವನಿಗೆ ಶಾಲೆಯೆಂದರೆ ಏನೂ ಗೊತ್ತಿರಲಿಲ್ಲ, ತನ್ನ ಹೆಸರು ಬರೆಯಲೂ ಬರುತ್ತಿರಲಿಲ್ಲ. ಆದರೆ ಅಕ್ಕ ಮುದ್ದೆ ಬಿಟ್ಟು ಎದ್ದದ್ದನ್ನು ಅವಳೂ ನೋಡಿದ್ದಳು. ಹೆಂಚಿನ ಚೂರಿನಲ್ಲಿ ನಮ್ಮ ಒಲೆಯ ಕೆಂಡ ತುಂಬಿಕೊಂಡಳು. ಬೆಳಗಿನ ಹಾಲಿನ ಪಾತ್ರೆ ನನ್ನ ಕೈಗೆ ಕೊಟ್ಟಳು. ಅವರೆಕಾಯಿ ಪುಟ್ಟಿಯನ್ನು ಸಿಪ್ಪೆ ಸಮೇತ ಸೊಂಟಕ್ಕಿಟ್ಟುಕೊಂಡು ಬಿರಬಿರನೆ ನಡೆದಳು.

ಶಾಲೆಯ ಕೋಣೆಯಲ್ಲಿ ಗೋಡೆ ಕಟ್ಟಿ ಮಿಕ್ಕ ಕಲ್ಲುಗಳು ಬಿದ್ದಿದ್ದವು. ಅವ್ವ ಮೂಲೆಯಲ್ಲಿ ಮೂರು ಕಲ್ಲು ಹೂಡಿ, ನೀರು ಚಿಮುಕಿಸಿ, ತನ್ನ ಹಣೆಯ ಕುಂಕುಮವನ್ನೇ ಬೆರಳಿನಲ್ಲಿ ತೆಗೆದು ಮೂರು ಕಲ್ಲಿಗೂ ಇಟ್ಟಳು. ಹೊಸಮನೆಯ ಒಲೆ ಹೇಗೆ ಹೂಡುತ್ತಾರೋ ಹಾಗೆಯೇ, ಏನೂ ಬಿಡಲಿಲ್ಲ. ಕೆಂಡ ಹಾಕಿ, ಒಣ ಪುಳ್ಳೆ ಒಟ್ಟಿ, ಊದಿದಳು. ಧಗ್ಗನೆ ಉರಿ ಎದ್ದಿತು. ಹಾಲು ಮೇಲಿಟ್ಟಳು. ನಾನು ಕುಣಿಯುತ್ತಾ ಆಚೆ ಬಂದು ಮೇಲೆ ನೋಡಿದೆ. ನೀಲಿ ಆಕಾಶ. ಹೊಗೆಯೇ ಇಲ್ಲ.

ಏನಾಗಿತ್ತು ಗೊತ್ತೇ? ನಮ್ಮ ಅವ್ವನ ಒಲೆ ಹೊಗೆಯಾಡುತ್ತಿರಲಿಲ್ಲ. ಅದು ಇಡೀ ಕೇರಿಗೆ ಗೊತ್ತಿದ್ದ ವಿಷಯ. ಒಣಗಿದ ಪುಳ್ಳೆಯನ್ನೇ ಆರಿಸಿ, ಗಾಳಿ ಆಡುವ ಹಾಗೆ ಜೋಡಿಸಿ, ಕಣ್ಣಿಗೆ ಚೂರೂ ಕಷ್ಟ ಕೊಡದೆ ಅಡುಗೆ ಮಾಡುವ ಕೈ ಅವಳದು. ಹೊಗೆ ಎಬ್ಬಿಸುವ ಹೆಂಗಸರನ್ನು ಕಂಡರೆ ಅವಳಿಗೆ ಸಸಾರ. ಹಬ್ಬದ ದಿನವೂ ನಮ್ಮ ಸೂರಿನ ಮೇಲೆ ಒಂದು ಎಳೆ ಕಂಡರೆ ಹೆಚ್ಚು, ಬೆಳಿಗ್ಗೆ ಗೌಡರು ಅದಕ್ಕೇ ಕಣ್ಣು ಕಿರಿದು ಮಾಡಿ ನೋಡುತ್ತಿದ್ದರಂತೆ. ಹೊಗೆ ಬರ್ತಿಲ್ಲ ಕಣವ್ವಾ ಎಂದು ನಾನು ಅಳುವುದಕ್ಕೇ ಶುರುಮಾಡಿದೆ.

ಅವ್ವ ಉರಿಯನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು. ಪುಟ್ಟಿಯಲ್ಲಿದ್ದ ಹಸಿ ಅವರೆಸಿಪ್ಪೆಯನ್ನು ಎರಡೂ ಕೈಯಲ್ಲಿ ಬಾಚಿ ಒಲೆಗೆ ಸುರಿದಳು. ಸಾಲದೆ ಹೊರಗೆ ಹೋಗಿ ಹಸಿ ತಂಗಡಿ ಸೊಪ್ಪು ಮುರಿದು ತಂದು ಅದರ ಮೇಲೆ ಒತ್ತಿದಳು. ಅಬ್ಬಾ, ಆ ಹೊಗೆ! ಗೋಡೆಯಿಂದ ಗೋಡೆಗೆ ತುಂಬಿ, ಕಟ್ಟಿದ್ದ ಬಿದಿರುಗಳ ಸಂದಿನಿಂದ ದಪ್ಪವಾಗಿ ಮೇಲಕ್ಕೆ ನುಗ್ಗಿತು. ನಮಗೆ ಕಣ್ಣು ಬಿಡಲಾಗಲಿಲ್ಲ. ಕೆಮ್ಮುತ್ತಾ ಬಾಗಿಲಿಗೆ ಬಂದರೆ ಕೇರಿಯ ಹೆಂಗಸರೆಲ್ಲ ಶಾಲೆಗೆ ಬೆಂಕಿ ಬಿದ್ದಿದೆಯೆಂದು ಕೊಡ ಹೊತ್ತು ಓಡಿಬರುತ್ತಿದ್ದರು. ಅದೇ ಹೊತ್ತಿಗೆ ಒಳಗೆ ಹಾಲು ಉಕ್ಕಿ ಚೊಯ್ಯೆಂದು ಕೆಂಡಕ್ಕೆ ಬಿತ್ತು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, "ಬೆಂಕಿ ಬಿದ್ದಿಲ್ಲ ಕಣ್ರೇ. ಶಾಲೆ ಮನೆ ಒಕ್ಕಲಾಯ್ತು" ಎಂದಳು.

ಗುಡ್ಡದ ಮೇಲಿಂದ ಮಕ್ಕಳ ಕೂಗು ಕೇಳಿಸಿತು. ಅಲ್ಲಿ ನಡೆದದ್ದನ್ನು ಅಕ್ಕ ಆಮೇಲೆ ನನಗೆ ಎಷ್ಟು ಸಲ ಹೇಳಿದ್ದಾಳೋ. ಗಾರ್ಡು ಎರಡನೆಯ ಸೀಟಿಯನ್ನು ಬಾಯಿಗಿಟ್ಟುಕೊಂಡಾಗಿತ್ತಂತೆ. ಗೌಡರು ಕೈ ಎತ್ತಿ ತಡೆದು, ಊರ ಕಡೆ ಕೋಲು ತೋರಿಸಿ, ಅಷ್ಟು ಹೊಗೆ ನಮ್ಮ ಮನೆ ಮದುವೇಲೂ ಎದ್ದಿರಲಿಲ್ಲ, ಹೋಗಿ ಮಕ್ಕಳೇ ಎಂದರಂತೆ. ಮೇಷ್ಟ್ರು ಬಂಡೆಯ ಮೇಲೆ ಕೂತು ಪಂಚೆಯ ತುದಿಯಿಂದ ಮುಖ ಒರೆಸಿಕೊಳ್ಳುತ್ತಿದ್ದರಂತೆ.

ಒಳ್ಳೆಯ ಜಾಗಕ್ಕೆಲ್ಲ ಅಷ್ಟರಲ್ಲಿ ಗಂಟು ಬಿದ್ದಿತ್ತು. ಉಳಿದಿದ್ದದ್ದು ಗುಡ್ಡದ ಹೆಗಲಿನ ಮೇಲಿನ ತೋಳನ ಬಂಡೆಯ ಸುತ್ತಮುತ್ತ. ಅಲ್ಲಿ ತೋಳವಿದೆಯೆಂದು ದೊಡ್ಡವರೂ ಹೋಗುತ್ತಿರಲಿಲ್ಲ. ಅಕ್ಕ ಎಲ್ಲರನ್ನೂ ಅಲ್ಲಿಗೇ ನಡೆಸಿದಳು. ಅಷ್ಟು ಮಕ್ಕಳು ಅಷ್ಟು ಗದ್ದಲ ಮಾಡಿಕೊಂಡು ಹೋದರೆ ಯಾವ ತೋಳ ತಾನೇ ನಿಂತೀತು? ವರ್ಷಗಟ್ಟಲೆ ಕುಡುಗೋಲು ಕಾಣದ ಹುಲ್ಲು ಅಲ್ಲಿ ಕಬ್ಬಿನ ಹಾಗೆ ಬೆಳೆದಿತ್ತು. ನಾನು ವಾಪಸು ಹತ್ತಿ ಹೋಗುವಷ್ಟರಲ್ಲಿ ಬಂಡೆಯ ಸುತ್ತ ಗಂಟು ಹಾಕಿ ಮುಗಿದಿತ್ತು, ಸೀಟಿಯೂ ಆಗಿತ್ತು.

ಗಂಟು ಹಾಕುವುದು ಆಟ, ಕೊಯ್ಯುವುದು ಕೆಲಸ. ಅದು ಬೇಗ ಗೊತ್ತಾಯಿತು. ಬಿಸಿಲೇರಿತು, ಹುಲ್ಲಿನ ಧೂಳು ಬೆವರಿಗೆ ಅಂಟಿ ಮೈಯೆಲ್ಲ ತುರಿಸಿತು, ಹುಲ್ಲಿನ ಅಂಚು ಬೆರಳು ಸೀಳಿತು. ಮಧ್ಯಾಹ್ನದ ಹೊತ್ತಿಗೆ ನಾವು ಕೊಯ್ದದ್ದು ಬಂಡೆಯ ಒಂದು ಮಗ್ಗುಲು ಮಾತ್ರ. ಆಗ ಅವ್ವ ಶಾಲೆಯ ಒಲೆಯಲ್ಲೇ ಮಾಡಿದ ಅವರೆಕಾಳು ಉಪ್ಪಿಟ್ಟನ್ನು ದೊಡ್ಡ ಪಾತ್ರೆಯಲ್ಲಿ ಹೊತ್ತು ತಂದಳು. ತುಂಬ ಹೊಗೆ ವಾಸನೆ. ಅಂಥ ರುಚಿಯ ಉಪ್ಪಿಟ್ಟನ್ನು ಆಮೇಲೆ ನಾನು ತಿಂದಿಲ್ಲ. ಯಾರೂ ಮಾಡಿಯೂ ಇಲ್ಲ, ನಿಮ್ಮಮ್ಮನಿಗೆ ಹೇಳಬೇಡಿ.

ಉಪ್ಪಿಟ್ಟಿನ ಹಿಂದೆಯೇ ಅಪ್ಪ ಬಂದರು. ಅಕ್ಕನ ಅಂಗೈ ತಿರುಗಿಸಿ ನೋಡಿದರು, ರಕ್ತ ಒಸರಿ ಒಣಗಿತ್ತು.

"ಹಿಂಗೆ ಮೇಲ್ಮೇಲೆ ಕೊಯ್ದ್ರೆ ಆಯ್ತದಾ? ಬುಡಕ್ಕೆ ಹಾಕ್ಬೇಕು. ಸರಿ ಆಕಡೆ" ಎಂದು ಅವಳ ಕೈಯಿಂದ ಕುಡುಗೋಲು ತೆಗೆದುಕೊಂಡು ಬಗ್ಗಿದರು.

ನಮ್ಮ ಮನೆಯ ಜಾಗದಲ್ಲಿ ಇನ್ನೂ ಅರ್ಧ ಹುಲ್ಲು ನಿಂತಿತ್ತು. ಅಪ್ಪ ಆ ಕಡೆ ತಿರುಗಿಯೂ ನೋಡಲಿಲ್ಲ. ತಮ್ಮ ಪಾಡಿಗೆ ತಾವು ಕೊಯ್ಯುತ್ತಿದ್ದವರು ಅಪ್ಪನನ್ನು ನೋಡಿದರು. ಒಬ್ಬರು ಬಂದರು, ಅವರ ಬೆನ್ನಿಗೆ ಇನ್ನೊಬ್ಬರು. ಸುಳ್ಳುಜಗಳದ ಅಣ್ಣತಮ್ಮಂದಿರೂ ಒಟ್ಟಿಗೇ ಬಂದರು. ಬೆಳಿಗ್ಗೆ ಮರೆತಿದ್ದ ಮಾತು ಸಂಜೆಯ ಹೊತ್ತಿಗೆ ಎಲ್ಲರಿಗೂ ನೆನಪಾಯಿತು. ದೊಡ್ಡವರು ಕೊಯ್ದರು, ನಾವು ಕಂತೆ ಕಟ್ಟಿ ಹೊತ್ತೆವು. ಹೊತ್ತು ಕೆಂಪಗೆ ಇಳಿಯುವಾಗ ಗುಡ್ಡದಿಂದ ಕೆಳಗೆ ಹೊರೆಗಳ ಸಾಲು. ಹೊರೆಯ ಕೆಳಗೆ ತಲೆ ಕಾಣದೆ, ಕಾಲು ಮಾತ್ರ ಕಾಣುವ ಮಕ್ಕಳು. ಗಾರ್ಡು ಬಾಗಿಲಲ್ಲಿ ಸೀಟಿ ಹಿಡಿದು ನಿಂತಿದ್ದರು. ಕೊನೆಯ ಹೊರೆ ಅಕ್ಕನದು. ಅದು ಕಂಬ ದಾಟುವವರೆಗೆ ಆಕಾಶ ನೋಡುವವರ ಹಾಗೆ ನಿಂತು, ಆಮೇಲೆ ಊದಿದರು. ಎಲ್ಲರೂ ಒಟ್ಟಿಗೆ ಹೋ ಎಂದೆವು. ನನಗೆ ಗಂಟಲು ಕಟ್ಟಿ ಮಾರನೆಯ ದಿನ ಮಾತೇ ಹೊರಡಲಿಲ್ಲ.

ಶಿವರಾತ್ರಿಗೆ ಮುಂಚೆಯೇ ಶಾಲೆಗೆ ಹೊದಿಕೆಯಾಯಿತು. ಇನ್‌ಸ್ಪೆಕ್ಟರು ಬಂದು ಮೇಲೆ ನೋಡಿದರು, ಮೂಲೆಯಲ್ಲಿದ್ದ ಒಲೆಯನ್ನೂ ನೋಡಿದರು, ಇದೇಕೆ ಎಂದು ಕೇಳಿದರು. ಅದಿಲ್ಲದಿದ್ದರೆ ಶಾಲೆ ನಿಲ್ಲುತ್ತಿರಲಿಲ್ಲ ಸಾರ್ ಎಂದರು ಮೇಷ್ಟ್ರು. ಶಾಲೆ ನಮ್ಮೂರಲ್ಲೇ ಉಳಿಯಿತು. ಆ ಮಳೆಗಾಲ ನಮ್ಮ ಮನೆಯೊಳಗೆ ಕಾಲಿಟ್ಟಲ್ಲೆಲ್ಲ ಪಾತ್ರೆ, ಅಪ್ಪ ಮಳೆಯನ್ನು ಬೈದಷ್ಟೂ ಬೈದರು. ಮನೆಗೆ ಯಾರು ಬಂದರೂ, ನಮ್ಮ ಹುಲ್ಲು ಶಾಲೆ ಮೇಲೆ ಐತೆ ಕಣ್ರೀ ಎಂದು ಜಂಬದಿಂದ ಹೇಳಿಕೊಂಡರು. ಅಕ್ಕ ಅಲ್ಲಿ ಓದಿ, ಆಮೇಲೆ ತರೀಕೆರೆಯಲ್ಲಿ ಓದಿ, ಬೀರೂರು ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವ ಕಿಟಕಿಯ ಹಿಂದೆ ಕೂತಳು. ಒಮ್ಮೆ ಗೌಡರು ಅವಳ ಕಿಟಕಿಗೇ ಬಂದು ಟಿಕೆಟ್ ಕೇಳಿದರಂತೆ. ಎಲ್ಲಿಗೆ ಎಂದು ಕೇಳಿದರೆ, ನಿನ್ನ ನೋಡಕ್ಕೆ ಬಂದೆ ಕಣವ್ವ, ಎಲ್ಲಿಗಾದ್ರೂ ಒಂದು ಕೊಡು ಎಂದರಂತೆ.

ಅವತ್ತಿನಿಂದ ಪ್ರತಿವರ್ಷ ತೋಳನ ಬಂಡೆಯ ಸುತ್ತಲಿನ ಹುಲ್ಲು ಶಾಲೆಯದೆಂದೇ ಆಯಿತು. ನಿಮ್ಮ ಅಪ್ಪ ಹುಟ್ಟಿದ ಮೇಲೆ ಸರ್ಕಾರ ಆ ಗುಡ್ಡವನ್ನು ಕಾಡಿನ ಲೆಕ್ಕದಿಂದ ತೆಗೆದು ಭೂಮಿಯಿಲ್ಲದವರಿಗೆ ಹಂಚಿತು. ಕೂಲಿ ಮಾಡುತ್ತಿದ್ದವರ ಹೆಸರಿಗೆ ಖಾತೆಯಾಯಿತು. ಅವರ ಮನೆಯಲ್ಲಿ ಎರಡು ಹೊತ್ತು ಒಲೆ ಉರಿಯಿತು. ನಾನು ಅದನ್ನು ಕೆಟ್ಟದ್ದು ಎನ್ನುವುದಿಲ್ಲ. ಆದರೆ ಗೌಜಲಹಕ್ಕಿಯ ಕೂಗು ನಿಂತ ಬೆಳಿಗ್ಗೆ ನನಗೆ ಎದ್ದು ಕೂತರೂ ಎದ್ದ ಹಾಗೆ ಅನ್ನಿಸಲಿಲ್ಲ. ಅಳೆಯುವವರು ಸರಪಳಿ ಹಿಡಿದು ತೋಳನ ಬಂಡೆಗೆ ಬಂದಾಗ, ಇದು ಯಾರ ಪಾಲು ಎಂದು ಕೇಳಿದರು. ಬೇಕೆನ್ನುವವರು ಇದ್ದರು. ಗೌಡರಿಗೆ ಆಗ ಕಣ್ಣು ಮಂಜಾಗಿತ್ತು, ಊರವರು ಗಾಡಿಯಲ್ಲಿ ಕೂರಿಸಿಕೊಂಡು ಬಂದಿದ್ದರು. "ಅದಕ್ಕೆ ಮನೆ ಐತೆ. ಅದರ ಒಲೆ ಉರಿದಿದ್ದು ನಾನೇ ಕಣ್ಣಾರೆ ನೋಡೀನಿ" ಎಂದರು. ಬೇಕೆಂದವರು ಹಿಂದೆ ಸರಿದರು. ಅಳೆಯುವವರು ಅದನ್ನು ಶಾಲೆಯ ಹೆಸರಿಗೇ ಬರೆದುಕೊಂಡು ಮುಂದೆ ಹೋದರು.

ನಿಮ್ಮ ಶಾಲೆಗೆ ಕಾಂಕ್ರೀಟಿನ ಮೇಲ್ಛಾವಣಿ, ಗೋಡೆಯಲ್ಲಿ ಸಿನಿಮಾ ಪರದೆಯಂಥ ಬೋರ್ಡು, ಬಾಗಿಲಿಗೇ ಬರುವ ಹಳದಿ ವ್ಯಾನು. ನಾಳೆ ಶಾಲೆ ಇರುತ್ತದೋ ಇಲ್ಲವೋ ಎಂದು ನೀವು ಕೇಳುವುದು ಜೋರು ಮಳೆ ಬಂದಾಗ, ಅದೂ ರಜೆಯ ಆಸೆಗೆ. ಕೇಳಿ, ಮಕ್ಕಳು ಹಾಗೇ ಇರಬೇಕು. ಬೀಗ ಹಾಕಿದ ಕಾಡೂ ನಿಮಗೆ ಗೊತ್ತಿಲ್ಲ, ಬೀಗ ತೆಗೆದ ದಿನದ ಸಂಭ್ರಮವೂ ಗೊತ್ತಿಲ್ಲ. ಇಡೀ ಗುಡ್ಡದಲ್ಲಿ ಈಗ ಕಾಡಾಗಿ ಉಳಿದಿರುವುದು ನಾವು ಮಕ್ಕಳು ಅವತ್ತು ಗಂಟು ಹಾಕಿದ ಅಷ್ಟು ಜಾಗ ಮಾತ್ರ.

ದೀಪಾವಳಿ ರಜೆಯಲ್ಲಿ ನೀವೆಲ್ಲ ಅಲ್ಲಿ ಆಡಿಕೊಂಡು ಬಂದಿರಲ್ಲ, ಚಿಕ್ಕವಳೇ, ನಿನ್ನ ಹೊಸ ಫ್ರಾಕಿನ ತುಂಬ ಹುಲ್ಲಿನ ಊಬು ಚುಚ್ಚಿಕೊಂಡಿತ್ತು. ವಾಷಿಂಗ್ ಮಷೀನು ಹಾಳಾಗುತ್ತದೆ ಎಂದು ನಿಮ್ಮಮ್ಮ ರೇಗಿದಳು. ನಾನು ನಿನ್ನನ್ನು ಜಗಲಿಯಲ್ಲಿ ಕೂರಿಸಿಕೊಂಡು, ಕನ್ನಡಕ ಹಾಕಿಕೊಂಡು, ಒಂದೊಂದನ್ನೇ ಕಿತ್ತೆ. ಯಾರ ಹೊಲದ ಹುಲ್ಲು ಅಜ್ಜಿ ಇದು ಎಂದು ಕೇಳಿದೆಯಲ್ಲ. ಈಗ ಹೇಳುತ್ತೇನೆ ಕೇಳು. ಯಾರ ಹೊಲದ್ದೂ ಅಲ್ಲ ಕಣೇ. ನಾವು ಗೆದ್ದ ಹುಲ್ಲು.